ಹೆವಿ ಲೈಸೆನ್ಸ್ ತರಬೇತಿಗೆ ಹಣ ಹೊಂದಿಸುವುದು ಹೇಗೆ: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಭಾಗದವರಿಗೆ ಮಾರ್ಗದರ್ಶಿ

ಲಾರಿ ಓಡಿಸುವುದನ್ನು ಕಲಿಯಲು ಎಷ್ಟು ಹಣ ಬೇಕು, ಅದಕ್ಕೆ ಸಾಲ ಸಿಗುತ್ತದೆಯೇ, ಮಾಲೀಕರೇ ಖರ್ಚು ಹಾಕಿ ಕಲಿಸುತ್ತೇನೆ ಎಂದರೆ ಒಪ್ಪಬಹುದೇ, ಅಥವಾ ಸರ್ಕಾರದ ಉಚಿತ ತರಬೇತಿಗಾಗಿ ಕಾಯುವುದು ಮೇಲೇ? ಇಂಥ ಪ್ರಶ್ನೆಗಳನ್ನು ಓದುಗರು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಕೇಳುವವರಲ್ಲಿ ಬಹುಪಾಲು ಇಪ್ಪತ್ತರ ಆಸುಪಾಸಿನವರು. ಮನೆಯಲ್ಲಿ ಮಳೆಯನ್ನೇ ನಂಬಿದ ಸ್ವಲ್ಪ ಹೊಲವಿರುತ್ತದೆ, ಕೈಯಲ್ಲಿ ಹಮಾಲಿ ಕೆಲಸವೋ ಕ್ಲೀನರ್ ಕೆಲಸವೋ ಇರುತ್ತದೆ. ಅಮರಗೋಳದ ಎಪಿಎಂಸಿ, ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ, ತಾರಿಹಾಳದ ಕೈಗಾರಿಕಾ ಪ್ರದೇಶ ಮತ್ತು ಪುಣೆ-ಬೆಂಗಳೂರು ಹೆದ್ದಾರಿ ಇರುವ ಈ ಭಾಗದಲ್ಲಿ ಲಾರಿ ಚಾಲನೆ ಅನ್ನ ಕೊಡುವ ಕಸುಬು ಎಂಬುದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. 1976ರಲ್ಲಿ ಗದಗದಲ್ಲಿ ಒಂದೇ ಲಾರಿಯಿಂದ ಆರಂಭವಾದ ವಿಆರ್‌ಎಲ್ ಇಂದು ದೇಶದ ದೊಡ್ಡ ಸಾರಿಗೆ ಸಂಸ್ಥೆಗಳಲ್ಲಿ ಒಂದಾಗಿ ಬೆಳೆದಿರುವುದೂ ಇದೇ ನೆಲದಲ್ಲಿ.

ಆದರೆ ಕಸುಬು ಒಳ್ಳೆಯದೆಂಬ ಕಾರಣಕ್ಕೆ ಅದನ್ನು ಕಲಿಯಲು ಮಾಡುವ ಸಾಲವೂ ಒಳ್ಳೆಯದಾಗುವುದಿಲ್ಲ. ಹಣದ ಮೂಲವನ್ನು ಹುಡುಕುವ ಮೊದಲು ಸಮಯದ ಲೆಕ್ಕ ಹಾಕಿ ಎಂಬುದು ಈ ವಿಷಯದಲ್ಲಿ ನನ್ನ ಖಚಿತ ಅಭಿಪ್ರಾಯ. ಹೆವಿ ಲೈಸೆನ್ಸ್‌ಗೆ ಕಾನೂನೇ ಒಂದು ವರ್ಷದ ಕಾಯುವಿಕೆಯನ್ನು ವಿಧಿಸಿದೆ. ಇದು ಗೊತ್ತಿಲ್ಲದವರು ಅವಸರದಲ್ಲಿ ಸಾಲ ಮಾಡುತ್ತಾರೆ. ಗೊತ್ತಿರುವವರು ಆ ವರ್ಷದಲ್ಲಿಯೇ ಶುಲ್ಕದ ದೊಡ್ಡ ಪಾಲನ್ನು ಕೂಡಿಸಿಕೊಳ್ಳುತ್ತಾರೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಅನುಸರಿಸಿ.

ಹಂತ 1: ನೀವು ಯಾವ ಮೆಟ್ಟಿಲಲ್ಲಿದ್ದೀರಿ ಎಂಬುದನ್ನು ಗುರುತಿಸಿಕೊಳ್ಳಿ

1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ 20 ವರ್ಷ ತುಂಬದವರು ಸಾರಿಗೆ ವಾಹನವನ್ನು, ಅಂದರೆ ಸರಕು ಸಾಗಿಸುವ ಅಥವಾ ಬಾಡಿಗೆಗೆ ಪ್ರಯಾಣಿಕರನ್ನು ಒಯ್ಯುವ ವಾಹನವನ್ನು, ಸಾರ್ವಜನಿಕ ರಸ್ತೆಯಲ್ಲಿ ಓಡಿಸುವಂತಿಲ್ಲ. ಜೊತೆಗೆ, ಲಘು ಮೋಟಾರು ವಾಹನದ ಲೈಸೆನ್ಸ್ ಪಡೆದು ಕನಿಷ್ಠ ಒಂದು ವರ್ಷ ಆಗಿರದಿದ್ದರೆ ಲಾರಿಗೆ ಕಲಿಕಾ ಪರವಾನಗಿ, ನಮ್ಮವರು ಎಲ್‌ಎಲ್‌ಆರ್ ಎನ್ನುವುದು, ಸಿಗುವುದಿಲ್ಲ. ತೂಕದ ಲೆಕ್ಕವನ್ನೂ ತಿಳಿದಿರಿ: ಒಟ್ಟು ತೂಕ 7,500 ಕಿಲೋಗ್ರಾಂವರೆಗಿನದು ಲಘು ವಾಹನ, ಅದಕ್ಕಿಂತ ಮೇಲೆ 12,000 ಕಿಲೋಗ್ರಾಂವರೆಗಿನದು ಮಧ್ಯಮ ಸರಕು ವಾಹನ, ಅದನ್ನೂ ಮೀರಿದ್ದು ಭಾರೀ ಸರಕು ವಾಹನ. ಒಟ್ಟು ತೂಕವೆಂದರೆ ಗಾಡಿಯ ತೂಕ ಮತ್ತು ಅದು ಹೊರಬಹುದಾದ ಸರಕಿನ ತೂಕ ಎರಡೂ ಸೇರಿದ್ದು. ಸಾರಿಗೆ ವಾಹನ ಓಡಿಸಲು 8ನೇ ತರಗತಿ ಪಾಸಾಗಿರಬೇಕು ಎಂಬ ಹಳೆಯ ಷರತ್ತನ್ನು 2019ರಲ್ಲಿ ಕೈಬಿಡಲಾಗಿದೆ. ಆದ್ದರಿಂದ ಶಾಲೆ ಅರ್ಧಕ್ಕೆ ಬಿಟ್ಟವರು ಪ್ರಮಾಣಪತ್ರ ಹೊಂದಿಸಿಕೊಡುತ್ತೇನೆ ಎನ್ನುವ ಮಧ್ಯವರ್ತಿಗಳಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಈ ಒಂದು ವರ್ಷದ ಮಹತ್ವ ಇಲ್ಲಿದೆ. ಲಘು ವಾಹನದ ಲೈಸೆನ್ಸ್ ಇರುವವರು 7,500 ಕಿಲೋಗ್ರಾಂವರೆಗಿನ ಸಾರಿಗೆ ವಾಹನಗಳನ್ನು ಅದೇ ಲೈಸೆನ್ಸ್‌ನಲ್ಲಿ ಓಡಿಸಬಹುದು ಎಂದು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠವು 2024ರ ನವೆಂಬರ್‌ನಲ್ಲಿ ತೀರ್ಪು ನೀಡಿದೆ. ಅಂದರೆ ನಿಮಗೆ 20 ತುಂಬಿದ್ದು ಲಘು ಲೈಸೆನ್ಸ್ ಕೈಯಲ್ಲಿದ್ದರೆ ಟಾಟಾ ಏಸ್, ಪಿಕಪ್‌ನಂತಹ ಗಾಡಿಗಳಲ್ಲಿ ಇಂದೇ ಕೆಲಸಕ್ಕೆ ಸೇರಬಹುದು. ಎಪಿಎಂಸಿಯಿಂದ ಅಂಗಡಿಗೆ, ಗೋದಾಮಿನಿಂದ ಊರಿಗೆ ಸರಕು ಒಯ್ಯುವ ಈ ಕೆಲಸದಲ್ಲಿ ಸಂಬಳವೂ ಬರುತ್ತದೆ, ಸಂದಣಿಯಲ್ಲಿ ಹಿಂದಕ್ಕೆ ತೆಗೆಯುವುದು, ಹೇರಿಕೆ ಇದ್ದಾಗ ಬ್ರೇಕಿನ ಅಂದಾಜು ಮಾಡುವುದು ಮುಂತಾದವೂ ರೂಢಿಯಾಗುತ್ತವೆ. ಮುಂದೆ ಲಾರಿ ಕಲಿಯುವಾಗ ನಿಮಗೆ ಬೇಕಾಗುವ ಪಾಠಗಳು ಕಡಿಮೆಯಾಗುವುದು ಇದರಿಂದಲೇ.

ಎಚ್ಚರಿಕೆ: ಕಾರು ಮತ್ತು ಲಾರಿ ಎರಡಕ್ಕೂ ಸೇರಿಸಿ ಈಗಲೇ ಪೂರ್ತಿ ಹಣ ಕಟ್ಟಿ ಎನ್ನುವ ಒಟ್ಟು ದರದ ಕೊಡುಗೆಗೆ ಒಪ್ಪಬೇಡಿ. ಲಾರಿಯ ಪಾಠ ಒಂದು ವರ್ಷದ ನಂತರ ಆರಂಭವಾಗಬೇಕಾದದ್ದು. ಅಲ್ಲಿಯವರೆಗೆ ನಿಮ್ಮ ಹಣ ಶಾಲೆಯವರ ಕೈಯಲ್ಲಿರುತ್ತದೆ. ಲಘು ಲೈಸೆನ್ಸ್ ಇಲ್ಲದವರಿಗೂ ಒಂದೇ ತಿಂಗಳಲ್ಲಿ ಹೆವಿ ಮಾಡಿಸಿಕೊಡುತ್ತೇನೆ ಎನ್ನುವವರಿಂದ ದೂರವೇ ಉಳಿಯಿರಿ.

ಹಂತ 2: ಹಣ ಕಟ್ಟುವ ಮೊದಲು ಕಣ್ಣು ತೋರಿಸಿಕೊಳ್ಳಿ

ಸಾರಿಗೆ ವಾಹನದ ಲೈಸೆನ್ಸ್‌ಗೆ ನಮೂನೆ 1ಎ ಎಂಬ ವೈದ್ಯಕೀಯ ಪ್ರಮಾಣಪತ್ರ ಕಡ್ಡಾಯ. ಹಗಲು ಬೆಳಕಿನಲ್ಲಿ 25 ಮೀಟರ್ ದೂರದಿಂದ ಕಾರಿನ ನಂಬರ್ ಪ್ಲೇಟ್ ಓದಬಲ್ಲಿರಾ, ಕೆಂಪು-ಹಸಿರು ಬಣ್ಣಗಳನ್ನು ಬೇರೆಯಾಗಿ ಗುರುತಿಸಬಲ್ಲಿರಾ, ಇರುಳುಗಣ್ಣು ಇದೆಯೇ ಎಂಬುದನ್ನೆಲ್ಲ ವೈದ್ಯರು ಅದರಲ್ಲಿ ದಾಖಲಿಸಬೇಕು. ಬಣ್ಣಗುರುಡು ಇರುವ ಎಷ್ಟೋ ಜನರಿಗೆ ಅದು ಇರುವುದೇ ಗೊತ್ತಿರುವುದಿಲ್ಲ. ಶುಲ್ಕ ಕಟ್ಟಿದ ಮೇಲೆ ಗೊತ್ತಾದರೆ ಹಣವೂ ಹೋಯಿತು, ಸಮಯವೂ ಹೋಯಿತು. ತಾಲ್ಲೂಕು ಆಸ್ಪತ್ರೆಯಲ್ಲಿ ಒಂದು ಬೆಳಗ್ಗೆ ಕಳೆದರೆ ಮುಗಿಯುವ ಕೆಲಸವಿದು.

ಹಂತ 3: ಒಟ್ಟು ಖರ್ಚನ್ನು ಒಂದು ಹಾಳೆಯಲ್ಲಿ ಬರೆಯಿರಿ

ಬಹಳಷ್ಟು ಜನರು ಶಾಲೆಯ ಶುಲ್ಕವನ್ನೇ ಒಟ್ಟು ಖರ್ಚು ಎಂದುಕೊಳ್ಳುತ್ತಾರೆ. ವಾಸ್ತವದಲ್ಲಿ ಅದು ಒಂದು ಭಾಗ ಮಾತ್ರ, ಎಷ್ಟೋ ಸಲ ಚಿಕ್ಕ ಭಾಗ.

ಮೊದಲನೆಯದು ಸರ್ಕಾರಿ ಶುಲ್ಕ. ಕೇಂದ್ರದ ನಿಯಮಗಳಂತೆ ಕಲಿಕಾ ಪರವಾನಗಿಗೆ ವರ್ಗವೊಂದಕ್ಕೆ 150 ರೂಪಾಯಿ, ಚಾಲನಾ ಪರೀಕ್ಷೆಗೆ 300 ರೂಪಾಯಿ, ಇರುವ ಲೈಸೆನ್ಸ್‌ಗೆ ಹೊಸ ವರ್ಗ ಸೇರಿಸಲು 500 ರೂಪಾಯಿ. ಕಾರ್ಡ್ ಮುಂತಾದವಕ್ಕೆ ಇನ್ನಷ್ಟು ಸೇರುತ್ತದೆ. ಲೈಸೆನ್ಸ್ ಅರ್ಜಿಗೆಂದೇ ಇರುವ ಸರ್ಕಾರದ ಸಾರಥಿ ಜಾಲತಾಣದಲ್ಲಿ ಅರ್ಜಿ ಹಾಕುವಾಗ ಒಟ್ಟು ಮೊತ್ತ ನಿಮಗೇ ಕಾಣಿಸುತ್ತದೆ ಮತ್ತು ರಸೀದಿಯೂ ಬರುತ್ತದೆ. ಆದ್ದರಿಂದ ಆರ್‌ಟಿಒ ಖರ್ಚು ಎಂದು ಯಾರಾದರೂ ಐದಾರು ಸಾವಿರ ಕೇಳಿದರೆ ಆ ರಸೀದಿಯನ್ನು ತೋರಿಸಿ ಎನ್ನಿ.

ಎರಡನೆಯದು ಶಾಲೆಯ ಶುಲ್ಕ. ಚಾಲನಾ ತರಬೇತಿ ಶಾಲೆಗಳ ದರವನ್ನು ನಮ್ಮ ರಾಜ್ಯದಲ್ಲಿ ಸರ್ಕಾರವೇ ನಿಗದಿಪಡಿಸುತ್ತದೆ. 2024ರ ಜನವರಿಯಿಂದ ಜಾರಿಗೆ ಬಂದ ಪರಿಷ್ಕರಣೆಯಲ್ಲಿ ಕಾರು ಕಲಿಕೆಯ ದರ 4,000ದಿಂದ 7,000 ರೂಪಾಯಿಗೆ ಏರಿತು. ಸಾರಿಗೆ ವಾಹನಗಳಿಗೆ ಪ್ರತ್ಯೇಕ ದರವಿದೆ. ಅದನ್ನು ನಿಮ್ಮ ಆರ್‌ಟಿಒದಲ್ಲಿ, ಅಂದರೆ ಧಾರವಾಡ, ಹುಬ್ಬಳ್ಳಿ, ಗದಗ, ಹಾವೇರಿ ಅಥವಾ ರಾಣೆಬೆನ್ನೂರು ಕಚೇರಿಯಲ್ಲಿ, ಕೇಳಿ ಬರೆದುಕೊಂಡು ಆಮೇಲೆ ಶಾಲೆಗೆ ಹೋಗಿ.

ಮೂರನೆಯದು ಬಹುತೇಕರು ಬರೆಯಲು ಮರೆಯುವುದು: ಕಲಿಯುವ ದಿನಗಳಲ್ಲಿ ತಪ್ಪುವ ಕೂಲಿ. ದಿನಕ್ಕೆ 500 ರೂಪಾಯಿ ದುಡಿಯುವವರು 26 ದಿನ ಕೆಲಸ ಬಿಟ್ಟರೆ 13,000 ರೂಪಾಯಿ ಕೈತಪ್ಪುತ್ತದೆ. ಶಿಗ್ಗಾವಿಯಿಂದಲೋ ರೋಣದಿಂದಲೋ ಬಂದು ಹುಬ್ಬಳ್ಳಿಯಲ್ಲಿ ಕೋಣೆ ಮಾಡಿಕೊಂಡಿದ್ದರೆ ಬಾಡಿಗೆ ಮತ್ತು ಊಟದ ಖರ್ಚು ಬೇರೆ. ಹಾಗಾಗಿ ಶುಲ್ಕದಲ್ಲಿ 1,000 ರೂಪಾಯಿ ಕಡಿಮೆ ಮಾಡುವ ದೂರದ ಶಾಲೆಗಿಂತ, ಬೆಳಗಿನ 6ರಿಂದ 8ರೊಳಗೆ ಪಾಠ ಮುಗಿಸಿ ನಿಮ್ಮನ್ನು ಕೆಲಸಕ್ಕೆ ಬಿಡುವ ಹತ್ತಿರದ ಶಾಲೆಯೇ ಬಹಳ ಸಲ ಅಗ್ಗವಾಗುತ್ತದೆ. ಕೊನೆಗೆ ಮರುಪರೀಕ್ಷೆಗೆಂದು ಸ್ವಲ್ಪ ಹಣವನ್ನು ಎತ್ತಿಡಿ.

ಹಂತ 4: ಯಾವುದಕ್ಕೆ ಹಣ ಕೊಡುತ್ತಿದ್ದೀರಿ ಎಂಬುದನ್ನು ಪರೀಕ್ಷಿಸಿ

ನೀವು ಕೊಳ್ಳುತ್ತಿರುವುದು ಎರಡೇ ವಸ್ತು: ಸ್ಟೇರಿಂಗ್ ಹಿಡಿದ ಗಂಟೆಗಳು ಮತ್ತು ನಮೂನೆ 5. ನಮೂನೆ 5 ಎಂದರೆ ಮಾನ್ಯತೆ ಪಡೆದ ಶಾಲೆಯು ನೀಡುವ ತರಬೇತಿ ಪ್ರಮಾಣಪತ್ರ. ಅದಿಲ್ಲದೆ ಸಾರಿಗೆ ವಾಹನದ ಲೈಸೆನ್ಸ್‌ಗೆ ಅರ್ಜಿ ಪೂರ್ಣವಾಗುವುದಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಸಾರಿಗೆ ವಾಹನದ ತರಬೇತಿ 30 ದಿನಗಳಿಗಿಂತ ಕಡಿಮೆ ಇರಬಾರದು, ಮತ್ತು ಅದರಲ್ಲಿ ಕನಿಷ್ಠ 15 ಗಂಟೆ ನೀವೇ ಗಾಡಿ ಓಡಿಸಿರಬೇಕು. 2021ರ ನಿಯಮಗಳಡಿ ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಗಳಲ್ಲಿ ಮಧ್ಯಮ ಮತ್ತು ಭಾರೀ ವಾಹನಗಳ ತರಬೇತಿ 6 ವಾರಗಳಲ್ಲಿ 38 ಗಂಟೆ ನಡೆಯುತ್ತದೆ, ಅಲ್ಲಿ ಉತ್ತೀರ್ಣರಾದವರಿಗೆ ಆರ್‌ಟಿಒದ ಚಾಲನಾ ಪರೀಕ್ಷೆಯಿಂದ ವಿನಾಯಿತಿ ಇದೆ. ಅಂಥ ಕೇಂದ್ರವೂ ಸಾಮಾನ್ಯ ಶಾಲೆಯೂ ಒಂದೇ ಅಲ್ಲ ಎಂಬುದನ್ನು ನೆನಪಿಡಿ. ಎರಡರ ದರ ಹೋಲಿಸುವಾಗ ಗಂಟೆಗಳನ್ನೂ ಹೋಲಿಸಬೇಕು.

ಶಾಲೆಗೆ ಹೋದಾಗ ಮೂರು ವಿಷಯಗಳನ್ನು ನೋಡಿ. ಗೋಡೆಯ ಮೇಲೆ ನಮೂನೆ 11, ಅಂದರೆ ಶಾಲೆಯ ಪರವಾನಗಿ, ತೂಗುಹಾಕಿರಬೇಕು. ಅದರಲ್ಲಿ ಭಾರೀ ವಾಹನದ ವರ್ಗವೂ ಸೇರಿರಬೇಕು, ಅವಧಿಯೂ ಮುಗಿದಿರಬಾರದು. ತರಬೇತಿಯ ಲಾರಿಯಲ್ಲಿ ಬೋಧಕರ ಕಾಲಿಗೂ ಬ್ರೇಕ್-ಕ್ಲಚ್ ಸಿಗುವ ಜೋಡಿ ನಿಯಂತ್ರಣ ಇರಬೇಕು. ಮೂರನೆಯದು ನಮೂನೆ 15 ಎಂಬ ದಾಖಲೆ ಪುಸ್ತಕ. ಅದರಲ್ಲಿ ಒಬ್ಬೊಬ್ಬ ಕಲಿಕಾರ್ಥಿಯೂ ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ, ಯಾವ ವರ್ಗದ ಗಾಡಿ ಓಡಿಸಿದರು ಎಂದು ಬರೆದು ಬೋಧಕರು ಮತ್ತು ಕಲಿಯುವವರು ಇಬ್ಬರೂ ಸಹಿ ಮಾಡಬೇಕು. ಹಳೆಯ ಪುಟಗಳನ್ನು ತಿರುವಿ ನೋಡಲು ಅವಕಾಶ ಕೇಳಿ. ಒಂದೇ ಪೆನ್ನಿನಲ್ಲಿ, ಒಂದೇ ಓಟದಲ್ಲಿ, ಇಡೀ ತಿಂಗಳ ಸಾಲುಗಳೆಲ್ಲ ತುಂಬಿದ್ದು ಎಲ್ಲರ ಸಹಿಯೂ ಒಂದೇ ಕೈಯದಾಗಿ ಕಂಡರೆ ಅಲ್ಲಿ ಮಾರಾಟವಾಗುತ್ತಿರುವುದು ಬರೀ ಕಾಗದ.

ದರವನ್ನು ಗಂಟೆಯ ಲೆಕ್ಕಕ್ಕೆ ಇಳಿಸಿ ನೋಡಿ. ಒಂದು ಶಾಲೆ 9,000 ರೂಪಾಯಿಗೆ 15 ಗಂಟೆ ಸ್ಟೇರಿಂಗ್ ಕೊಟ್ಟರೆ ಗಂಟೆಗೆ 600 ರೂಪಾಯಿ ಬಿದ್ದಂತಾಯಿತು. ಇನ್ನೊಂದು 7,000 ರೂಪಾಯಿ ಎಂದು ಹೇಳಿ, ನಾಲ್ವರನ್ನು ಒಟ್ಟಿಗೆ ಕೂರಿಸಿಕೊಂಡು ನಿಮಗೆ ಒಟ್ಟು 6 ಗಂಟೆ ಮಾತ್ರ ಓಡಿಸಲು ಕೊಟ್ಟರೆ ಗಂಟೆಗೆ 1,100 ರೂಪಾಯಿಗೂ ಮೇಲಾಗುತ್ತದೆ. ಬೇರೆಯವರು ಓಡಿಸುವಾಗ ಹಿಂದೆ ಕೂತು ನೋಡುವುದೂ ಕಲಿಕೆಯೇ, ನಿಜ. ಆದರೆ ಅದಕ್ಕೆ ಸ್ಟೇರಿಂಗಿನ ದರ ಕೊಡಬೇಕಾಗಿಲ್ಲ.

ಕ್ಲೀನರ್ ಆಗಿದ್ದುಕೊಂಡು ಡ್ರೈವರ್ ಪಕ್ಕದಲ್ಲೇ ಕಲಿತು ಹಣ ಉಳಿಸಬಹುದಲ್ಲವೇ ಎಂದು ಹಲವರು ಕೇಳುತ್ತಾರೆ. ನಮ್ಮ ಭಾಗದ ಹಿರಿಯ ಚಾಲಕರಲ್ಲಿ ಹೆಚ್ಚಿನವರು ಹಾಗೆಯೇ ಕಲಿತವರು, ಆ ಅನುಭವದ ಬೆಲೆ ದೊಡ್ಡದು. ಆದರೂ ಎಲ್‌ಎಲ್‌ಆರ್ ಇಲ್ಲದೆ ರಾತ್ರಿ ಖಾಲಿ ರಸ್ತೆಯಲ್ಲಿ ಸ್ಟೇರಿಂಗ್ ಹಿಡಿದರೆ ನಿಮಗೂ, ಕೊಟ್ಟ ಮಾಲೀಕರಿಗೂ ದಂಡ ಬೀಳುತ್ತದೆ. ಅಪಘಾತವಾದರೆ ವಿಮಾ ಕಂಪನಿಯು ಪರಿಹಾರದ ಹಣವನ್ನು ಮಾಲೀಕರಿಂದ ವಸೂಲಿ ಮಾಡಲು ಮುಂದಾಗಬಹುದು. ಎಷ್ಟು ಚೆನ್ನಾಗಿ ಕಲಿತಿದ್ದರೂ ನಮೂನೆ 5ಕ್ಕೆ ಶಾಲೆಗೆ ಹೋಗಲೇಬೇಕು. ಆದ್ದರಿಂದ ಕ್ಲೀನರ್ ಕೆಲಸವನ್ನು ಹೇರಿಕೆ, ಹಗ್ಗ-ತಾಡಪಾಲು ಕಟ್ಟುವುದು, ಟೈರು, ದಾರಿ, ಚೆಕ್‌ಪೋಸ್ಟಿನ ಕಾಗದಪತ್ರ ಇವುಗಳ ಶಾಲೆ ಎಂದು ತಿಳಿಯಿರಿ; ಸಂಬಳ ಕೊಡುವ ಶಾಲೆ.

ಹಂತ 5: ಮೊದಲು ಖರ್ಚಿಲ್ಲದ ದಾರಿಗಳನ್ನು ವಿಚಾರಿಸಿ

ಲಘು ವಾಹನದ ಲೈಸೆನ್ಸೇ ಇನ್ನೂ ಆಗಿಲ್ಲದವರು ಧಾರವಾಡದ ರುಡ್‌ಸೆಟ್ ಸಂಸ್ಥೆಯನ್ನು, ಅಥವಾ ನಿಮ್ಮ ಜಿಲ್ಲೆಯ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಯನ್ನು ಕೇಳಿ. ಊಟ-ವಸತಿ ಸಹಿತ ಉಚಿತ ತರಬೇತಿ ಕೊಡುವ ಈ ಸಂಸ್ಥೆಗಳ ಪಠ್ಯಗಳಲ್ಲಿ ಲಘು ವಾಹನ ಚಾಲನೆಯ 30 ದಿನಗಳ ಕೋರ್ಸೂ ಒಂದು. ಅದು ಯಾವಾಗ ಆರಂಭವಾಗುತ್ತದೆ ಎಂದು ಕೇಳಿ ಹೆಸರು ಬರೆಸಿ ಬನ್ನಿ.

ಭಾರೀ ವಾಹನಕ್ಕೆ ಸಂಬಂಧಿಸಿದಂತೆ, ಪರಿಶಿಷ್ಟ ಜಾತಿ ಮತ್ತು ಪಂಗಡದ ಅಭ್ಯರ್ಥಿಗಳಿಗೆ ಸಮಾಜ ಕಲ್ಯಾಣ ಇಲಾಖೆಯು ಸಾರಿಗೆ ನಿಗಮಗಳ ತರಬೇತಿ ಕೇಂದ್ರಗಳ ಮೂಲಕ ಚಾಲನಾ ತರಬೇತಿ ಕೊಡಿಸುವುದುಂಟು. ಜಿಲ್ಲಾ ಸಮಾಜ ಕಲ್ಯಾಣ ಕಚೇರಿ ಮತ್ತು ಹುಬ್ಬಳ್ಳಿ ಗೋಕುಲ ರಸ್ತೆಯಲ್ಲಿರುವ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ, ಎರಡೂ ಕಡೆ ಈ ವರ್ಷದ ತಂಡಕ್ಕೆ ಅರ್ಜಿ ಕರೆದಿದ್ದಾರೆಯೇ ಎಂದು ವಿಚಾರಿಸಿ. ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತರಿಗೆ ಆಯಾ ಅಭಿವೃದ್ಧಿ ನಿಗಮಗಳ ಜಿಲ್ಲಾ ಕಚೇರಿಗಳಿವೆ. ಅರ್ಜಿ ಕರೆದ ಮೇಲೆ ಕಾಗದಪತ್ರಕ್ಕಾಗಿ ಓಡಾಡಿದರೆ ಕೊನೆಯ ದಿನ ದಾಟಿಹೋಗುತ್ತದೆ. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಈಗಲೇ ಮಾಡಿಸಿ ಅವುಗಳ ಮೇಲಿರುವ ಆರ್‌ಡಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಆಧಾರ್‌ಗೆ ಜೋಡಿಸಿದ ಬ್ಯಾಂಕ್ ಖಾತೆಯೂ ಸಿದ್ಧವಿರಲಿ.

ಎಷ್ಟು ಕಾಲ ಕಾಯಬೇಕು? ಲಘು ಲೈಸೆನ್ಸಿನ ಒಂದು ವರ್ಷ ಇನ್ನೂ ಮುಗಿದಿಲ್ಲವಾದರೆ ನಿಶ್ಚಿಂತೆಯಿಂದ ಕಾಯಿರಿ, ನೀವು ಕಳೆದುಕೊಳ್ಳುವುದು ಏನೂ ಇಲ್ಲ. ವರ್ಷ ಮುಗಿದಿದ್ದು ಕೈಯಲ್ಲಿ ಕೆಲಸದ ಭರವಸೆಯೂ ಇದ್ದರೆ ಉಚಿತ ತರಬೇತಿಗಾಗಿ ತಿಂಗಳುಗಟ್ಟಲೆ ಕಾಯುವುದು ಲಾಭವಲ್ಲ. ಕಾಯುವ ಒಂದೊಂದು ತಿಂಗಳೂ ಚಾಲಕನ ಸಂಬಳ ಮತ್ತು ಈಗಿನ ಕೂಲಿಯ ನಡುವಿನ ಅಂತರದಷ್ಟು ನಷ್ಟ.

ಗೊಂದಲವೊಂದನ್ನು ಇಲ್ಲೇ ಬಿಡಿಸಬೇಕು. ಸ್ವಾವಲಂಬಿ ಸಾರಥಿ ಯೋಜನೆಯಿಂದ ತರಬೇತಿಗೆ ಹಣ ಸಿಗುತ್ತದೆ ಎಂದು ಕೆಲವರು ತಿಳಿದಿದ್ದಾರೆ. ಅದು ಸರಕು ವಾಹನ ಅಥವಾ ಟ್ಯಾಕ್ಸಿ ಖರೀದಿಗೆ ನೀಡುವ ಸಹಾಯಧನ, ಮತ್ತು ಅದಕ್ಕೆ ಲೈಸೆನ್ಸ್ ಮೊದಲೇ ಇರಬೇಕು. ಮುದ್ರಾ ಸಾಲವೂ ವ್ಯವಹಾರಕ್ಕೆ ಕೊಡುವಂಥದ್ದು, ಕಲಿಕೆಯ ಶುಲ್ಕಕ್ಕಲ್ಲ.

ಹಂತ 6: ನಿಮ್ಮದೇ ಉಳಿತಾಯದಿಂದ ಎಷ್ಟಾಗುತ್ತದೆ ನೋಡಿ

ದಿನಕ್ಕೆ 60 ರೂಪಾಯಿಯಂತೆ ಪಿಗ್ಮಿ ಕಟ್ಟಿದರೆ ವರ್ಷಕ್ಕೆ ಸುಮಾರು 21,600 ರೂಪಾಯಿ ಕೂಡುತ್ತದೆ. ಬಡ್ಡಿ ಕಡಿಮೆಯೇ, ಆದರೆ ಸಂಜೆ ಅಂಗಡಿಯ ಬಾಗಿಲಿಗೇ ಬಂದು ಹಣ ಒಯ್ಯುವವರಿದ್ದರೆ ಕೈಯಲ್ಲಿದ್ದದ್ದು ಬೇರೆಡೆ ಖರ್ಚಾಗುವುದಿಲ್ಲ. ಕಟ್ಟಿದ ದಿನವೇ ಪಾಸ್‌ಬುಕ್ಕಿನಲ್ಲಿ ನಮೂದು ಅಥವಾ ಮೊಬೈಲಿಗೆ ಸಂದೇಶ ಬರಲೇಬೇಕು, ಅವಧಿಗೆ ಮೊದಲು ಮುರಿದರೆ ಎಷ್ಟು ಕಡಿತವೆಂದು ಮೊದಲೇ ಕೇಳಿ.

ಭಿಶಿ, ಅಂದರೆ ಚಿಟ್ ಫಂಡ್‌ನಂಥ ಗುಂಪು ಉಳಿತಾಯ, ನಮ್ಮ ಕಡೆ ಮನೆಮಾತು. 20 ಜನ ತಿಂಗಳಿಗೆ 1,000 ರೂಪಾಯಿ ಹಾಕುವ ಭಿಶಿಯಲ್ಲಿ ಮೊದಲೇ ಕೂಗಿ 16,000ಕ್ಕೆ ಎತ್ತಿಕೊಂಡವರು ಕೊನೆಗೆ ಕಟ್ಟುವುದು 20,000. ಆ 4,000 ಬಡ್ಡಿಯೇ. ಕೊನೆಯ ತಿಂಗಳುಗಳವರೆಗೆ ಕಾಯಬಲ್ಲವರಿಗೆ ಭಿಶಿ ಉಳಿತಾಯವಾಗುತ್ತದೆ, ಅವಸರದವರಿಗೆ ಸಾಲವಾಗುತ್ತದೆ. ನೋಂದಣಿಯಿಲ್ಲದ ಭಿಶಿ ನಡೆಸುವವರು ಊರು ಬಿಟ್ಟರೆ ನಿಮ್ಮ ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ ಎಂಬುದನ್ನೂ ಮರೆಯಬೇಡಿ.

ಹಂತ 7: ಮಾಲೀಕರು ಹಣ ಹಾಕುತ್ತೇನೆಂದರೆ ಷರತ್ತನ್ನು ಬರವಣಿಗೆಯಲ್ಲಿ ಮಾಡಿಸಿ

ಕೆಲವು ಲಾರಿ ಮಾಲೀಕರು ನಂಬಿಕೆಯ ಕ್ಲೀನರ್‌ಗೆ ತಾವೇ ಶುಲ್ಕ ಕಟ್ಟಿ ಲೈಸೆನ್ಸ್ ಮಾಡಿಸುತ್ತಾರೆ. ಕಲಿತ ಮೇಲೆ ಓಡಿಸಲು ಗಾಡಿ ಸಿಗುತ್ತದೆ, ಬಡ್ಡಿ ಇರುವುದಿಲ್ಲ. ಒಳ್ಳೆಯ ಮಾಲೀಕರು ಸಿಕ್ಕರೆ ಇದಕ್ಕಿಂತ ಉತ್ತಮ ದಾರಿ ಇಲ್ಲ. ಆದರೆ ಇಬ್ಬರ ನಡುವಿನ ಮಾತು ಬಾಯಿಮಾತಾಗಿಯೇ ಉಳಿದಾಗ ತೊಂದರೆ ಶುರುವಾಗುತ್ತದೆ. ಎಷ್ಟು ತಿಂಗಳು ದುಡಿಯಬೇಕು, ಸಂಬಳದಲ್ಲಿ ಎಷ್ಟು ಕಡಿತ, ಹಬ್ಬಕ್ಕೆ ಕೊಟ್ಟ ಮುಂಗಡವೂ ಅದೇ ಲೆಕ್ಕಕ್ಕೆ ಸೇರಿತೇ, ಟೈರ್ ಒಡೆದರೆ ಯಾರ ತಲೆಗೆ ಎಂಬ ಪ್ರಶ್ನೆಗಳು ಆರು ತಿಂಗಳ ನಂತರ ಜಗಳವಾಗುತ್ತವೆ.

ಒಂದು ಪುಟದ ಒಪ್ಪಂದ ಸಾಕು. ಅದರಲ್ಲಿ ಇಷ್ಟು ಸ್ಪಷ್ಟವಾಗಿರಲಿ: ಮಾಲೀಕರು ಕಟ್ಟಿದ ಮೊತ್ತ ಮತ್ತು ಅದರ ರಸೀದಿಯ ಪ್ರತಿ, ತಿಂಗಳಿಗೆ ಕಡಿತವಾಗುವ ಹಣ, ಕಡಿತದ ನಂತರವೂ ಕೈಗೆ ಬರುವ ಸಂಬಳ ಮತ್ತು ಟ್ರಿಪ್ಪಿನ ಭತ್ಯೆ, ಮಧ್ಯದಲ್ಲಿ ಕೆಲಸ ಬಿಟ್ಟರೆ ಉಳಿದ ಬಾಕಿಯನ್ನಷ್ಟೇ ಕಟ್ಟಿ ಹೋಗುವ ಹಕ್ಕು, ಪರೀಕ್ಷೆಯಲ್ಲಿ ಅನುತ್ತೀರ್ಣರಾದರೆ ಮುಂದೇನು ಎಂಬುದು. ಪ್ರತಿ ತಿಂಗಳೂ ಬಾಕಿ ಎಷ್ಟು ಇಳಿಯಿತು ಎಂದು ಬರೆದು ಇಬ್ಬರೂ ಸಹಿ ಮಾಡುವ ಚಿಕ್ಕ ಪುಸ್ತಕವೊಂದನ್ನು ಇಟ್ಟರೆ ಇಬ್ಬರಿಗೂ ನೆಮ್ಮದಿ.

ಒಪ್ಪಲೇಬಾರದ ಷರತ್ತುಗಳೂ ಇವೆ. ಮೂಲ ಲೈಸೆನ್ಸ್, ಆಧಾರ್ ಅಥವಾ ಸಹಿ ಮಾಡಿದ ಖಾಲಿ ಚೆಕ್ಕನ್ನು ಅವರ ಬಳಿ ಇಡುವುದು. ಬಾಕಿ ತೀರುವವರೆಗೆ ಬೇರೆಲ್ಲೂ ದುಡಿಯಕೂಡದು ಎಂಬುದು. ನೀವು ಬಿಟ್ಟರೆ ತಮ್ಮನೋ ತಂದೆಯೋ ಬಂದು ದುಡಿಯಬೇಕು ಎಂಬುದು. ಮುಂಗಡ ಕೊಟ್ಟು, ಅದಕ್ಕೆ ಪ್ರತಿಯಾಗಿ ಬೇರೆ ಕಡೆ ಕೆಲಸ ಮಾಡುವ ಸ್ವಾತಂತ್ರ್ಯವನ್ನು ಕಸಿದುಕೊಳ್ಳುವುದನ್ನು, ಅಥವಾ ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸುವುದನ್ನು 1976ರ ಜೀತ ಕಾರ್ಮಿಕ ಪದ್ಧತಿ ರದ್ದತಿ ಕಾಯ್ದೆ ನಿಷೇಧಿಸಿದೆ. ಅಂಥ ಸ್ಥಿತಿಯಲ್ಲಿ ಸಿಲುಕಿದವರು ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿ ಕಚೇರಿಗೆ ದೂರು ಕೊಡಬಹುದು. ಉಚಿತ ಕಾನೂನು ನೆರವಿಗೆ 15100ಕ್ಕೆ ಕರೆ ಮಾಡಬಹುದು.

ಹಂತ 8: ಸಾಲ ಅನಿವಾರ್ಯವಾದರೆ ಬಡ್ಡಿಯನ್ನು ವರ್ಷದ ಲೆಕ್ಕಕ್ಕೆ ತಂದು ಹೋಲಿಸಿ

20,000 ರೂಪಾಯಿಯನ್ನು ಒಂದು ವರ್ಷಕ್ಕೆ ಪಡೆದರೆ ಏನಾಗುತ್ತದೆ ನೋಡಿ. ಬ್ಯಾಂಕು ಅಥವಾ ಪತ್ತಿನ ಸಂಘವು ಇಳಿಯುವ ಬಾಕಿಯ ಮೇಲೆ ವರ್ಷಕ್ಕೆ ಶೇ. 12ರಂತೆ ಕೊಟ್ಟರೆ ತಿಂಗಳ ಕಂತು ಸುಮಾರು 1,777 ರೂಪಾಯಿ, ಒಟ್ಟು ಬಡ್ಡಿ ಸುಮಾರು 1,325 ರೂಪಾಯಿ. ಫೈನಾನ್ಸಿನವರು ಫ್ಲಾಟ್ ಶೇ. 18 ಎಂದರೆ, ನೀವು ತಿಂಗಳು ತಿಂಗಳು ಅಸಲು ಇಳಿಸುತ್ತ ಬಂದರೂ ಬಡ್ಡಿಯನ್ನು ಮೊದಲ ದಿನದ 20,000ದ ಮೇಲೆಯೇ ಹಾಕುತ್ತಾರೆ. ಒಟ್ಟು ಬಡ್ಡಿ 3,600 ರೂಪಾಯಿಯಾಗುತ್ತದೆ, ಇಳಿಯುವ ಬಾಕಿಯ ಲೆಕ್ಕದಲ್ಲಿ ಅದು ವರ್ಷಕ್ಕೆ ಸುಮಾರು ಶೇ. 32. ಇನ್ನು ನೂರಕ್ಕೆ ತಿಂಗಳಿಗೆ ಮೂರು ರೂಪಾಯಿಯ ಕೈಗಡ. ತಿಂಗಳಿಗೆ 600ರಂತೆ ವರ್ಷಕ್ಕೆ 7,200 ರೂಪಾಯಿ ಕಟ್ಟಿದ ಮೇಲೂ ಅಸಲು 20,000 ಹಾಗೆಯೇ ನಿಂತಿರುತ್ತದೆ. ಮೂರು ರೂಪಾಯಿ ಎಂದು ಕೇಳುವಾಗ ಕಡಿಮೆ ಅನ್ನಿಸುವ ಈ ಸಾಲವೇ ಎಲ್ಲಕ್ಕಿಂತ ದುಬಾರಿಯದು. ಸಾಲ ಕೊಡುವವರ ಮುಂದೆಯೇ ಕೇಳಬೇಕಾದ ಪ್ರಶ್ನೆ ಒಂದೇ: ಎಲ್ಲ ಕಂತು ಮತ್ತು ಎಲ್ಲ ಶುಲ್ಕ ಸೇರಿ ನಾನು ಒಟ್ಟು ಎಷ್ಟು ಕಟ್ಟಬೇಕು? ಉತ್ತರವನ್ನು ಬರೆದು ಕೊಡಲಿ.

ಕೌಶಲ ಸಾಲ ಯೋಜನೆ ಎಂಬುದೊಂದಿದೆ. 2015ರಲ್ಲಿ 5,000ದಿಂದ 1.5 ಲಕ್ಷ ರೂಪಾಯಿವರೆಗೆ ಅಡಮಾನವಿಲ್ಲದೆ ಕೊಡುವಂತೆ ಆರಂಭವಾದ ಇದರ ಮಿತಿಯನ್ನು 2024ರಲ್ಲಿ 7.5 ಲಕ್ಷಕ್ಕೆ ಏರಿಸಲಾಯಿತು. ಮಾನ್ಯತೆ ಪಡೆದ ಕೌಶಲ ಕೋರ್ಸುಗಳಿಗೆ ಮಾತ್ರ ಇದು ಅನ್ವಯಿಸುವುದರಿಂದ ಬೀದಿಯ ಸಾಮಾನ್ಯ ಚಾಲನಾ ಶಾಲೆಯ ಶುಲ್ಕಕ್ಕೆ ಸಿಗುವ ಸಾಧ್ಯತೆ ಕಡಿಮೆ. ಸಂಸ್ಥೆಯಿಂದ ಕೋರ್ಸಿನ ವಿವರ ಬರೆಸಿಕೊಂಡು ನಿಮ್ಮ ಖಾತೆ ಇರುವ ಬ್ಯಾಂಕಿನಲ್ಲೇ ಕೇಳಿ. ತಾಯಿಯೋ ಹೆಂಡತಿಯೋ ಸದಸ್ಯೆಯಾಗಿರುವ ಸ್ವಸಹಾಯ ಸಂಘದ ಒಳಸಾಲ ಬಹಳ ಮನೆಗಳಿಗೆ ಸಮೀಪದ ದಾರಿ. ಆದರೆ ಕಂತು ತಪ್ಪಿದರೆ ವಾರದ ಸಭೆಯಲ್ಲಿ ಉತ್ತರ ಹೇಳಬೇಕಾದವರು ಅವರು, ನೀವಲ್ಲ. ಅವರ ಒಪ್ಪಿಗೆ ಮನಸಾರೆ ಬಂದದ್ದಾಗಿರಲಿ. ಮನೆಯ ಚಿನ್ನದ ಬೋರಮಾಳವನ್ನು ಒತ್ತೆ ಇಡುವುದಾದರೆ ಬ್ಯಾಂಕಿನಲ್ಲೇ ಇಡಿ, ಅವಧಿ ಮುಗಿಯುವ ದಿನಾಂಕವನ್ನು ಮನೆಯ ಕ್ಯಾಲೆಂಡರಿನ ಮೇಲೆ ಬರೆಯಿರಿ.

ಸೊಸೈಟಿಯ ಶೂನ್ಯ ಬಡ್ಡಿಯ ಬೆಳೆಸಾಲವನ್ನು ಈ ಕಡೆಗೆ ತಿರುಗಿಸುವ ಯೋಚನೆಯನ್ನು ಬಿಟ್ಟುಬಿಡಿ. ಬೀಜ-ಗೊಬ್ಬರದ ಹಣ ಶುಲ್ಕಕ್ಕೆ ಹೋದರೆ ಬಿತ್ತನೆಗೆ ಕೈಗಡ ಬೇಕಾಗುತ್ತದೆ. ಗಡುವು ಮೀರಿದರೆ ಬಡ್ಡಿ ರಿಯಾಯಿತಿಯೂ ಹೋಗುತ್ತದೆ. ಮೈಕ್ರೋ ಫೈನಾನ್ಸಿನವರ ಒತ್ತಡದಿಂದ ಹಾವೇರಿ ಜಿಲ್ಲೆಯ ಕುಟುಂಬಗಳು ಪಟ್ಟ ಪಾಡು ನಮ್ಮ ಕಣ್ಣ ಮುಂದೆಯೇ ಇದೆ. ಬಲವಂತದ ವಸೂಲಿಯನ್ನು ತಡೆಯಲು ರಾಜ್ಯವು 2025ರಲ್ಲಿ ಕಾನೂನು ತಂದಿದೆ, ದೂರನ್ನು ಪೊಲೀಸ್ ಠಾಣೆಯಲ್ಲೇ ಕೊಡಬಹುದು. ಆದರೂ ಒಂದು ಸಾಲ ತೀರಿಸಲು ಇನ್ನೊಂದು ಗುಂಪಿನ ಸಾಲ ಎತ್ತುವ ಸ್ಥಿತಿಗೆ ಹೋಗಬೇಡಿ.

ಕಂತಿನ ಗಾತ್ರವನ್ನು ನಿರ್ಧರಿಸುವಾಗ ಮುಂದೆ ಬರಲಿರುವ ಚಾಲಕನ ಸಂಬಳವನ್ನು ಲೆಕ್ಕಕ್ಕೆ ಹಿಡಿಯಬೇಡಿ, ಈಗ ಬರುತ್ತಿರುವ ಕೂಲಿಯನ್ನು ಹಿಡಿಯಿರಿ. ಹೊಸ ಹೆವಿ ಲೈಸೆನ್ಸಿನವರಿಗೆ ಯಾವ ಮಾಲೀಕರೂ ಮರುದಿನವೇ ಅರಬೈಲು ಘಟ್ಟ ಇಳಿಯುವ ಹೇರಿದ ಗಾಡಿಯನ್ನು ಕೊಡುವುದಿಲ್ಲ, ಕೊಡಲೂ ಬಾರದು. ಮೊದಲ ಕೆಲವು ತಿಂಗಳು ಎರಡನೇ ಚಾಲಕರಾಗಿಯೋ ಸ್ಥಳೀಯ ಟ್ರಿಪ್ಪುಗಳಲ್ಲೋ ಕಳೆಯುತ್ತವೆ, ಆದಾಯ ಕಡಿಮೆಯೇ ಇರುತ್ತದೆ.

ಹಂತ 9: ಹಣವನ್ನು ಪಾಠದ ಜೊತೆಗೆ ಭಾಗ ಭಾಗವಾಗಿ ಕೊಡಿ

ಪೂರ್ತಿ ಶುಲ್ಕವನ್ನು ಮೊದಲ ದಿನವೇ ಕೊಡಬೇಡಿ. ಸೇರುವಾಗ ಮೂರನೇ ಒಂದು ಭಾಗ, ನಮೂನೆ 15ರಲ್ಲಿ ಅರ್ಧ ಗಂಟೆಗಳು ದಾಖಲಾದಾಗ ಇನ್ನೊಂದು ಭಾಗ, ನಮೂನೆ 5 ಕೈಗೆ ಬಂದ ದಿನ ಉಳಿದದ್ದು ಎಂದು ಕೇಳಿ. ಒಳ್ಳೆಯ ಶಾಲೆಗಳು ಒಪ್ಪುತ್ತವೆ. ಫೋನ್‌ಪೇಯಲ್ಲಿ ಕಟ್ಟುವುದಾದರೆ ಶಾಲೆಯ ಹೆಸರಿನ ಖಾತೆಗೇ ಕಟ್ಟಿ, ಬೋಧಕರ ಸ್ವಂತ ನಂಬರಿಗೆ ಬೇಡ. ರಸೀದಿಯಲ್ಲಿ ಶಾಲೆಯ ಪರವಾನಗಿ ಸಂಖ್ಯೆ, ವಾಹನದ ವರ್ಗ, ಒಪ್ಪಿಕೊಂಡ ಗಂಟೆಗಳು ಇರಲಿ.

ಕಂತು ಹೊಂದುತ್ತಿಲ್ಲ ಎಂದು ಪಾಠವನ್ನು ನಡುವೆ ನಿಲ್ಲಿಸಿದರೆ ಎಲ್‌ಎಲ್‌ಆರ್‌ನ ಅವಧಿಯ ಕಡೆ ಗಮನವಿರಲಿ. ಅದು 6 ತಿಂಗಳು ಮಾತ್ರ ಊರ್ಜಿತ, ಮತ್ತು ಪಡೆದು 30 ದಿನ ಕಳೆಯುವ ಮೊದಲು ಪರೀಕ್ಷೆಗೆ ಹೋಗುವಂತಿಲ್ಲ. ಆದ್ದರಿಂದ ಕನಿಷ್ಠ ಮೊದಲ ಎರಡು ಕಂತಿನ ಹಣ ಕೈಯಲ್ಲಿದ್ದಾಗಲೇ ಎಲ್‌ಎಲ್‌ಆರ್‌ಗೆ ಅರ್ಜಿ ಹಾಕಿ. ಪರೀಕ್ಷೆಯಲ್ಲಿ ಅನುತ್ತೀರ್ಣರಾದರೆ 7 ದಿನಗಳ ನಂತರ ಮತ್ತೆ ಹೋಗಬಹುದು, ಪ್ರತಿ ಸಲವೂ ಶುಲ್ಕ ಕಟ್ಟಬೇಕು; ಮೂರು ಸಲ ತಪ್ಪಿದರೆ 60 ದಿನ ಕಾಯಬೇಕಾಗುತ್ತದೆ. ಮೊದಲ ಸಲ ತಪ್ಪಿದಾಗಲೇ ಒಂದೆರಡು ಗಂಟೆಯ ಹೆಚ್ಚುವರಿ ಪಾಠಕ್ಕೆ ಹಣ ಹಾಕಿ ಹೋಗುವುದು ಒಳ್ಳೆಯದು.

ಹಣ ಪಡೆದು ಪಾಠ ಕೊಡದ ಶಾಲೆಯ ವಿರುದ್ಧ ಮೊದಲು ಆರ್‌ಟಿಒಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಶಾಲೆಯ ಪರವಾನಗಿ ಇರುವುದು ಅವರ ಕೈಯಲ್ಲಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಬಹುದು. ಅದರಿಂದಲೂ ಆಗದಿದ್ದರೆ ಧಾರವಾಡ, ಗದಗ ಮತ್ತು ಹಾವೇರಿಯಲ್ಲಿರುವ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಿ; 5 ಲಕ್ಷ ರೂಪಾಯಿವರೆಗಿನ ಪ್ರಕರಣಗಳಿಗೆ ಅಲ್ಲಿ ದೂರಿನ ಶುಲ್ಕವಿಲ್ಲ, ವಕೀಲರಿಲ್ಲದೆ ನೀವೇ ವಾದಿಸಬಹುದು. ಅಲ್ಲಿ ನಿಮಗೆ ಬೇಕಾಗುವುದು ರಸೀದಿಗಳು, ಹಣ ಕಳುಹಿಸಿದ ದಾಖಲೆ ಮತ್ತು ನಮೂನೆ 15ರ ಪುಟದ ಫೋಟೊ. ಪ್ರತಿ ಪಾಠದ ನಂತರ ಸಹಿ ಮಾಡುವಾಗಲೇ ಆ ಫೋಟೊ ತೆಗೆದಿಟ್ಟುಕೊಳ್ಳಿ.